ಕೊಳವೆಯೊಳಗಿನ ನಾಲಗೆ

ಓಣಂ ರಜೆಗೆ ಎರಡು ದಿನ ಮುಂಚೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ಆಸ್ಟ್ರೇಲಿಯದಿಂದ ಊರಿಗೆ ಬಂದವನು, ಕಲಿತ ಶಾಲೆಯನ್ನು ನೋಡಿ ಹೋಗಲೆಂದು ನಮ್ಮಲ್ಲಿಗೂ ಬಂದಿದ್ದನು. ಕೈಯಲ್ಲಿ ಆಳೆತ್ತರದ ಒಂದು ಕೊಳವೆ. ಮೈತುಂಬ ಬಣ್ಣದ ಚುಕ್ಕಿಗಳು. “ಇದು ಅಲ್ಲಿನ ಮೂಲನಿವಾಸಿಗಳ ವಾದ್ಯ, ಡಿಜೆರಿಡೂ, ಮಕ್ಕಳಿಗಿರಲಿ” ಎಂದು ನಮ್ಮ ಕೈಗಿತ್ತನು. ಮಕ್ಕಳೆದುರು ನಾವು ಗಂಭೀರವಾಗಿ ತುಟಿಯಿಟ್ಟು ಊದಿದೆವು. ಗಾಳಿಯಲ್ಲದೆ ಬೇರೇನೂ ಹೊರಬರಲಿಲ್ಲ. ಏಳನೆಯ ತರಗತಿಯವರು ನಕ್ಕು ನಕ್ಕು ಸುಸ್ತಾದರು.

ಆ ಹುಡುಗ ತನ್ನ ಮೊಬೈಲಿನಲ್ಲಿ ಎರಡು ದೃಶ್ಯಗಳನ್ನು ತೋರಿಸಿದನು. ಮೊದಲನೆಯದರಲ್ಲಿ ಮರಳಿನ ಮೇಲೆ ಕುಳಿತ ಹಿರಿಯರು ಕೋಲುಗಳನ್ನು ತಟ್ಟುತ್ತ ಹಾಡುತ್ತಿದ್ದರು. ಪಕ್ಕದಲ್ಲಿ ಒಬ್ಬ ತರುಣ ಕೊಳವೆಯನ್ನು ಊದುತ್ತಿದ್ದನು. ಅವನತ್ತ ಯಾರೂ ನೋಡುತ್ತಿರಲಿಲ್ಲ. ಎರಡನೆಯದರಲ್ಲಿ ನಗರದ ಬೀದಿಯಲ್ಲಿ ಒಬ್ಬನೇ ವಾದಕ, ಎದುರಿಗೆ ಧ್ವನಿವರ್ಧಕ, ಸುತ್ತ ನೂರು ಜನ. ಕೊಳವೆಯಿಂದ ಕಾಂಗರೂವಿನ ನೆಗೆತ, ಹಕ್ಕಿಯ ನಗೆ, ರೈಲಿನ ಓಟ ಎಲ್ಲವೂ ಬರುತ್ತಿದ್ದುವು. ಎರಡನ್ನೂ ನೋಡಿದ ಮೇಲೆ ಒಬ್ಬಳು ಹುಡುಗಿ ಎದ್ದು ನಿಂತು, “ಇದರಲ್ಲಿ ಯಾವುದು ಸರಿ ಮಾಷ್ಟ್ರೇ?” ಎಂದು ಕೇಳಿದಳು.

ಆ ದಿನ ನಮ್ಮಲ್ಲಿ ಉತ್ತರವಿರಲಿಲ್ಲ. ಆಮೇಲೆ ಕೆಲವು ತಿಂಗಳು ಈ ವಿಷಯವನ್ನು ಓದಿಯೂ ಕೇಳಿಯೂ ತಿಳಿದುಕೊಂಡುದನ್ನು ಓದುಗರ ಮುಂದಿಡುತ್ತಿದ್ದೇವೆ.

ಗೆದ್ದಲು ಕೊರೆದ ವಾದ್ಯ

ಡಿಜೆರಿಡೂ ಇಡೀ ಆಸ್ಟ್ರೇಲಿಯದ ಮೂಲನಿವಾಸಿಗಳೆಲ್ಲರ ವಾದ್ಯವೆಂಬುದು ಸಾಮಾನ್ಯವಾದ ತಪ್ಪು ತಿಳಿವಳಿಕೆ. ಅದು ಆ ಖಂಡದ ಉತ್ತರದ ಅಂಚಿನದು; ಮುಖ್ಯವಾಗಿ ಉತ್ತರ ಪ್ರಾಂತದಲ್ಲಿರುವ ಆರ್ನ್‌ಹೆಮ್ ಲ್ಯಾಂಡ್ ಎಂಬ ಸೀಮೆಯದು. ದಕ್ಷಿಣದ ಜನಾಂಗಗಳಲ್ಲಿ ಹಾಡಿತ್ತು, ಕುಣಿತವಿತ್ತು, ತಾಳದ ಕೋಲುಗಳಿದ್ದುವು. ಈ ಕೊಳವೆ ಇರಲಿಲ್ಲ. ನಲವತ್ತು ಸಾವಿರ ವರ್ಷಗಳ ವಾದ್ಯವೆಂದು ಅಂಗಡಿಕಾರರು ಹೇಳುವುದುಂಟು. ಬಂಡೆಚಿತ್ರಗಳ ಸಾಕ್ಷ್ಯವನ್ನು ನೋಡಿದರೆ ಸುಮಾರು 1500 ವರ್ಷಗಳಿಂದೀಚಿನದೆಂದು ಹೇಳಬಹುದು. ಒಂದು ವಾದ್ಯದ ಗೌರವಕ್ಕೆ ಅಷ್ಟು ವಯಸ್ಸು ಸಾಲದೆ?

ಅದನ್ನು ಮಾಡುವವರಲ್ಲಿ ಮೊದಲಿಗ ಮನುಷ್ಯನಲ್ಲ, ಗೆದ್ದಲು. ನಾವು ನೀಲಗಿರಿ ಮರವೆಂದು ಕರೆಯುವ ಯೂಕಲಿಪ್ಟಸ್ಸಿನ ತವರು ಆಸ್ಟ್ರೇಲಿಯವೇ. ಅದರ ಜಾತಿಗಳಲ್ಲೊಂದಾದ ನಾರುತೊಗಟೆಯ ಮರವನ್ನು ಗೆದ್ದಲು ಒಳಗಿನಿಂದ ತಿನ್ನುತ್ತ ಹೋಗುತ್ತದೆ. ಹೊರಗಿನ ಮರ ಬದುಕಿಯೇ ಇರುತ್ತದೆ. ಬಲ್ಲವನು ಕಾಡಿನಲ್ಲಿ ಮರದಿಂದ ಮರಕ್ಕೆ ನಡೆದು, ಕಾಂಡವನ್ನು ತಟ್ಟಿ, ಕಿವಿಗೊಟ್ಟು ಆರಿಸುತ್ತಾನೆ. ಕಡಿದ ಕಾಂಡದ ತೊಗಟೆ ಸುಲಿದು, ಒಳಗಿನ ಹುಡಿಯನ್ನು ಕೆದಕಿ ತೆಗೆದು, ಬಾಯಿಡುವ ತುದಿಯನ್ನು ನಯಮಾಡುತ್ತಾನೆ. ಬೇಕಾದರೆ ಅಲ್ಲಿ ಜೇನುಮೇಣ ಹಚ್ಚುತ್ತಾನೆ. ಉದ್ದ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಮೀಟರು. ರಂಧ್ರಗಳಿಲ್ಲ, ಪೀಪಿಯಿಲ್ಲ, ಬಿರಡೆಯಿಲ್ಲ. ತುಟಿಗಳ ಕಂಪನವೇ ಸ್ವರದ ಮೂಲ.

“ಡಿಜೆರಿಡೂ” ಎಂಬುದು ಅಲ್ಲಿನವರ ಮಾತಲ್ಲ. ಬಿಳಿಯರು ಆ ಸದ್ದನ್ನು ಅನುಕರಿಸಿ ಕಟ್ಟಿದ ಹೆಸರೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಈಶಾನ್ಯ ಆರ್ನ್‌ಹೆಮ್ ಲ್ಯಾಂಡಿನ ಯೋಲ್ಙು ಜನರು ಅದನ್ನು ಯಿಡಕಿ ಎನ್ನುತ್ತಾರೆ. ಪಶ್ಚಿಮದ ಕುನ್ವಿಂಜ್ಕು ನುಡಿಯವರು ಮಾಕೊ ಎನ್ನುತ್ತಾರೆ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. “ಯೋಲ್ಙು” ಎಂದು ಬರೆಯುವಾಗ ನಮ್ಮ ವರ್ಣಮಾಲೆಯ ‘ಙ’ಕಾರ ಬಂದುದನ್ನು ಓದುಗರು ಗಮನಿಸಿರಬಹುದು. ಈ ಅಕ್ಷರದಿಂದ ಏನು ಪ್ರಯೋಜನವೆಂದು ಪ್ರತಿವರ್ಷವೂ ಒಬ್ಬನಾದರೂ ಹುಡುಗ ನಮ್ಮನ್ನು ಕೇಳುತ್ತಾನೆ. ಯೋಲ್ಙು ಜನರಿಗೆ ಅದು ದಿನನಿತ್ಯದ ಅಕ್ಷರ. ‘ಯಿಡಕಿ’ಯ ಡಕಾರವನ್ನು ತೋರಿಸಲು ಇಂಗ್ಲಿಷ್ ಲಿಪಿಯಲ್ಲಿ ಅಕ್ಷರದ ಕೆಳಗೆ ಗೆರೆ ಎಳೆಯಬೇಕು, ಕನ್ನಡದಲ್ಲಿ ಬೇಕಿಲ್ಲ. ನಕಾರ–ಣಕಾರ, ಲಕಾರ–ಳಕಾರಗಳ ಭೇದ ಅವರಲ್ಲೂ ಉಂಟು. ಸಂಬಂಧವಿಲ್ಲದ ಎರಡು ನುಡಿಗಳು. ನಾಲಗೆಯ ಅಭ್ಯಾಸ ಮಾತ್ರ ಇಷ್ಟು ಹತ್ತಿರ. ಇದನ್ನು ಕುತೂಹಲಕ್ಕಾಗಿ ಮಾತ್ರ ಹೇಳಿದುದಲ್ಲ. ಈ ವಾದ್ಯದ ಮರ್ಮವೇ ನಾಲಗೆಯಲ್ಲಿದೆ.

ಹಾಡಿನ ಹಿಂದೆ ನಡೆಯುವ ವಾದನ

ಯೋಲ್ಙು ಜನರ ಕುಲಗೀತೆಗಳಿಗೆ ಮನಿಕಾಯ್ ಎಂದು ಹೆಸರು. ನೆಲ, ನೀರು, ಮೋಡ, ಮೀನು, ಹಕ್ಕಿ, ಪೂರ್ವಿಕರು ನಡೆದ ದಾರಿ, ಇವೆಲ್ಲ ಆ ಹಾಡುಗಳಲ್ಲಿ ಬರುತ್ತವೆ. ಒಂದೊಂದು ಕುಲಕ್ಕೆ ತನ್ನದೇ ಹಾಡುಗಳು, ಆ ಹಾಡುಗಳಿಗೆ ತಮ್ಮವೇ ಸ್ಥಳಗಳು. ಯಾವ ನೆಲ ಯಾರದೆಂಬುದಕ್ಕೆ ಹಾಡೇ ಪತ್ರ. ಒಂದು ಕುಲದ ಹಾಡನ್ನು ಇನ್ನೊಂದು ಕುಲದವನು ಮನಬಂದಂತೆ ಹಾಡುವಂತಿಲ್ಲ.

ಹಾಡಿನ ಮುಖಂಡನು ಹಿರಿಯ ಗಾಯಕ. ಅವನ ಕೈಯಲ್ಲಿ ಬಿಲ್ಮ ಎಂಬ ತಾಳದ ಕೋಲುಗಳು. ಲಯವನ್ನು ನಿರ್ಣಯಿಸುವವನು ಅವನೇ. ಯಿಡಕಿ ಊದುವವನು ಬಹುತೇಕ ಕಿರಿಯನು. ಗಾಯಕನ ಕೋಲಿಗೆ ಕಿವಿಗೊಟ್ಟು ಅವನು ಸೇರಿಕೊಳ್ಳುತ್ತಾನೆ. ಹಾಡಿನ ಯಾವ ಭಾಗಕ್ಕೆ ಯಾವ ನಡೆ ಎಂಬುದು ಅವನಿಗೆ ಕಂಠಪಾಠವಾಗಿರಬೇಕು. ಒಂದೊಂದು ಹಾಡೂ ಚಿಕ್ಕದು. ಒಂದರ ಬೆನ್ನಿಗೆ ಒಂದರಂತೆ ಸರಣಿ ಸಾಗುತ್ತದೆ. ಹಾಡು ಮುಗಿಯುವ ಮುನ್ನವೇ ಯಿಡಕಿಯೂ ಕೋಲೂ ನಿಂತು, ಕೊನೆಯ ಸಾಲು ಗಾಯಕನ ಒಂಟಿ ಕಂಠದಲ್ಲಿ ಉಳಿಯುವುದು ಅಲ್ಲಿನ ಪದ್ಧತಿ. ಕೊಳವೆ ಮೌನವಾಗುತ್ತದೆ, ನುಡಿ ಉಳಿಯುತ್ತದೆ. ಆ ಮೊದಲ ದೃಶ್ಯದಲ್ಲಿ ತರುಣನತ್ತ ಯಾರೂ ಏಕೆ ನೋಡುತ್ತಿರಲಿಲ್ಲ ಎಂಬುದು ನಮಗೆ ಆಗ ಅರ್ಥವಾಯಿತು.

ಅವನ ಕೆಲಸ ಸುಲಭವೆಂದು ಇದರಿಂದ ಭಾವಿಸಬಾರದು. ಈಶಾನ್ಯದ ಶೈಲಿಯಲ್ಲಿ ನಾಲಗೆಯ ಹೊಡೆತ ಬಿರುಸು. ಅಲ್ಲಿನ ವಾದಕರೇ ಅದನ್ನು “ಗಟ್ಟಿ ನಾಲಗೆ”ಯ ವಾದನವೆಂದು ಕರೆದಿದ್ದಾರೆ. ಮಂದ್ರದ ಏಕಸ್ವರದ ನಡುನಡುವೆ ತುಟಿ ಬಿಗಿದು ಊದಿದಾಗ ಕಹಳೆಯಂತಹ ಮೇಲಿನ ಸ್ವರವೊಂದು ಚಿಮ್ಮುತ್ತದೆ. ಲಯದಲ್ಲಿ ಅದಕ್ಕೆ ಗೊತ್ತಾದ ಸ್ಥಾನವಿದೆ. ಈ ನಡೆಗಳನ್ನು ಬಾಯಿಮಾತಿನಲ್ಲಿ ಹೇಳಿ ಕಲಿಸುತ್ತಾರೆ. ‘ದಿತ್’, ‘ದು’ ಮೊದಲಾದ ಉಚ್ಚಾರಗಳನ್ನು ಜೋಡಿಸಿ ಮೊದಲು ಬಾಯಲ್ಲಿ ಆಡಿಸಿ, ಬಳಿಕ ಅದೇ ನಾಲಗೆಯ ಚಲನೆಯನ್ನು ಕೊಳವೆಯೊಳಗೆ ನಡೆಸುವುದು. ಮೃದಂಗದ ಪಾಠದಲ್ಲಿ ಸೊಲ್ಲುಕಟ್ಟನ್ನು ಕೇಳಿದವರಿಗೆ ಈ ಕ್ರಮ ಹೊಸದೆನಿಸದು. ಆದರೆ ಸೊಲ್ಲನ್ನು ನಾಲಗೆ ಹೇಳಿ ಬೆರಳು ನುಡಿಸುತ್ತದೆ. ಇಲ್ಲಿ ಹೇಳುವುದೂ ನುಡಿಸುವುದೂ ನಾಲಗೆಯೇ. ಯೋಲ್ಙು ಜನರು ತಮ್ಮ ನುಡಿಗಳನ್ನು ಒಟ್ಟಾಗಿ “ಯೋಲ್ಙು ಮಾತಾ” ಎನ್ನುತ್ತಾರೆ. ಆ ‘ಮಾತಾ’ ಶಬ್ದಕ್ಕೆ ನಾಲಗೆ ಎಂದೇ ಅರ್ಥ.

ಪಶ್ಚಿಮದ ಮಾಕೊ ವಾದನದ ಜಾಯಮಾನವೇ ಬೇರೆ. ಅಲ್ಲಿ ಕಹಳೆಯ ಸ್ವರದ ಬಳಕೆ ಇಲ್ಲವೆನ್ನುವಷ್ಟು ಕಡಿಮೆ. ನಡೆ ಮೃದು, ಉಸಿರಿನ ಏರಿಳಿತವೇ ಲಯ. ಆ ಶೈಲಿಯ ಹೆಸರಾಂತ ವಾದಕ ಡೇವಿಡ್ ಬ್ಲನಾಸಿ ತನ್ನ ತಂಡದೊಡನೆ ಹೊರದೇಶಗಳಲ್ಲಿ ನುಡಿಸಿ ಬಂದವನು. 2001ರಲ್ಲಿ ತನ್ನ ಊರಿನ ಕಾಡಿನಲ್ಲಿ ಕಾಣೆಯಾದವನು ಮತ್ತೆ ಸಿಗಲಿಲ್ಲ. ಈಶಾನ್ಯದಲ್ಲಿ ಗಾಲ್ಪು ಕುಲದ ಜಾಲು ಗುರುವಿವಿ ಯಿಡಕಿಯನ್ನು ಮಾಡುವುದರಲ್ಲಿಯೂ ಕಲಿಸುವುದರಲ್ಲಿಯೂ ಲೋಕಪ್ರಸಿದ್ಧನಾಗಿ 2022ರಲ್ಲಿ ತೀರಿಕೊಂಡನು. ಹೀಗೆ ‘ಸಾಂಪ್ರದಾಯಿಕ’ವೆಂದರೆ ಒಂದೇ ಶೈಲಿಯಲ್ಲ. ಸೀಮೆಗೊಂದು, ಕುಲಕ್ಕೊಂದು.

ಉಸಿರಿನ ಗುಟ್ಟು

ಕೊಳವೆಯ ಸ್ವರ ಎಲ್ಲಿಯೂ ಕಡಿಯುವುದಿಲ್ಲ. ವಾದಕನು ಉಸಿರೆಳೆದುಕೊಳ್ಳುವುದು ಯಾವಾಗ? ಕೆನ್ನೆಗಳಲ್ಲಿ ಸ್ವಲ್ಪ ಗಾಳಿಯನ್ನು ಶೇಖರಿಸಿಟ್ಟು, ನಾಲಗೆ ಮತ್ತು ಕೆನ್ನೆಯ ಒತ್ತಡದಿಂದ ಅದನ್ನು ಹೊರದೂಡುತ್ತಿರುವಾಗಲೇ ಮೂಗಿನಿಂದ ತಟ್ಟನೆ ಉಸಿರನ್ನು ಎಳೆದುಕೊಳ್ಳುತ್ತಾನೆ. ಹಾವಾಡಿಗನ ಪುಂಗಿ ಎಡೆಬಿಡದೆ ನುಡಿಯುವುದೂ ಈ ಉಪಾಯದಿಂದಲೇ. ಬಾಯಲ್ಲಿ ನೀರು ತುಂಬಿಕೊಂಡು, ಸಣ್ಣ ಧಾರೆಯಾಗಿ ಹೊರಬಿಡುತ್ತ ಮೂಗಿನಿಂದ ಉಸಿರೆಳೆಯುವುದು ಕಲಿಯುವವರಿಗೆ ಹೇಳುವ ಮೊದಲ ಪಾಠ. ನಮ್ಮ ಮಕ್ಕಳು ಬಾವಿಕಟ್ಟೆಯ ಬಳಿ ಇದನ್ನು ಅಭ್ಯಾಸ ಮಾಡಿ ಸಾಕಷ್ಟು ಅಂಗಿಗಳನ್ನು ಒದ್ದೆಮಾಡಿಕೊಂಡಿದ್ದಾರೆ.

ಸಂಪ್ರದಾಯದ ವಾದಕನಿಗೂ ಹೊಸಬನಿಗೂ ಈ ಉಸಿರು ಸಮಾನ. ಆದರೆ ಸಂಪ್ರದಾಯದಲ್ಲಿ ಉಸಿರೆಳೆಯುವ ಜಾಗವೂ ಹಾಡಿನ ನಡೆಯೊಳಗೇ ಅಡಗಿರುತ್ತದೆ. ವಾದಕನಿಗೆ ಬೇಕೆನಿಸಿದಲ್ಲೆಲ್ಲ ಅಲ್ಲ.

ಒಂದೇ ಮಂದ್ರಸ್ವರದ ಕೊಳವೆಯಲ್ಲಿ ಇಷ್ಟೊಂದು ಬಣ್ಣಗಳು ಹೇಗೆ ಬರುತ್ತವೆ ಎಂಬುದನ್ನು ಆಸ್ಟ್ರೇಲಿಯದ ಭೌತವಿಜ್ಞಾನಿಗಳು ಪರೀಕ್ಷಿಸಿ 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ನುಡಿಸುವಾಗ ವಾದಕನ ಗಂಟಲಿನ ಧ್ವನಿರಂಧ್ರ ಬಹುಮಟ್ಟಿಗೆ ಮುಚ್ಚಿಕೊಂಡಿರುತ್ತದೆ. ಆಗ ಬಾಯಿಯ ಪೊಳ್ಳು ಕೊಳವೆಯಷ್ಟೇ ಪ್ರಭಾವಶಾಲಿಯಾಗುತ್ತದೆ. ನಾಲಗೆ ಮೇಲೆದ್ದಾಗ ಬಾಯಿಯ ಅನುರಣನವು ಕೆಲವು ಕಂಪನಗಳನ್ನು ಅಡಗಿಸುತ್ತದೆ. ಅಡಗದೆ ಉಳಿದವು ನಮ್ಮ ಕಿವಿಗೆ ಎದ್ದು ಕೇಳಿಸುತ್ತವೆ. ನಾವು ‘ಅ’ಕಾರವನ್ನೂ ‘ಇ’ಕಾರವನ್ನೂ ಬೇರ್ಪಡಿಸಿ ಗುರುತಿಸುವುದು ಇಂತಹ ಎದ್ದು ಕೇಳುವ ಪಟ್ಟಿಗಳಿಂದಲೇ. ಕೊಳವೆ ಮಾತನಾಡುವಂತೆ ಕೇಳಿಸುವುದು ಬರಿಯ ಭಾವನೆಯಲ್ಲ ಎಂದಾಯಿತು.

ಹೊಸ ವಾದಕರು

1955ರಲ್ಲಿ ‘ಜೆಡ್ಡಾ’ ಎಂಬ ಚಲನಚಿತ್ರ ತೆರೆಕಂಡಿತು. ಅದನ್ನು ನೋಡಿದ ನಾಲ್ಕು ವರ್ಷದ ಬಿಳಿಯ ಹುಡುಗನೊಬ್ಬ ಆ ಸದ್ದಿಗೆ ಮರುಳಾಗಿ ಸಿಕ್ಕ ಕೊಳವೆಗಳನ್ನೆಲ್ಲ ಊದತೊಡಗಿದನು. ಅವನೇ ಚಾರ್ಲಿ ಮೆಕ್‌ಮೇಹನ್. ಹದಿನಾರನೆಯ ವಯಸ್ಸಿನಲ್ಲಿ, ಮನೆಯಲ್ಲಿ ಮಾಡಿದ ರಾಕೆಟ್ಟೊಂದು ಸಿಡಿದು ಕೈಯನ್ನು ಕಳೆದುಕೊಂಡರೂ ವಾದ್ಯವನ್ನು ಬಿಡಲಿಲ್ಲ. 1980ರ ದಶಕದಲ್ಲಿ ‘ಗೊಂಡ್ವಾನಾಲ್ಯಾಂಡ್’ ಎಂಬ ತಂಡದಲ್ಲಿ ಸಿಂಥಸೈಜರ್ ಮತ್ತು ತಾಳವಾದ್ಯಗಳ ಜತೆಗೆ ನುಡಿಸಿದನು. ಒಂದೇ ಶ್ರುತಿಯ ಕೊಳವೆ ಸಾಲದೆಂದು, ಒಂದರೊಳಗೊಂದು ಜಾರುವ ಎರಡು ಕೊಳವೆಗಳ ವಾದ್ಯವನ್ನು ರೂಪಿಸಿ ಶ್ರುತಿಯನ್ನೇ ಬದಲಾಯಿಸುವಂತೆ ಮಾಡಿದನು.

ಸಮಕಾಲೀನ ಶೈಲಿಯ ಲಕ್ಷಣಗಳೆಲ್ಲ ಅಲ್ಲಿಂದೀಚೆಗೆ ಬೆಳೆದುವು. ಕೊಳವೆ ಹಾಡಿನ ಬೆನ್ನುಬಿಟ್ಟು ಸ್ವತಂತ್ರವಾಯಿತು. ಒಂದೇ ನಡೆ ಹತ್ತು ಹದಿನೈದು ನಿಮಿಷ ಬೆಳೆಯತೊಡಗಿತು. ಮೂಲದಲ್ಲಿ ಅಲ್ಪವಾಗಿದ್ದ ಪ್ರಾಣಿಪಕ್ಷಿಗಳ ಕೂಗು ಬೀದಿವಾದನದ ಮುಖ್ಯ ಆಕರ್ಷಣೆಯಾಯಿತು. ಪ್ಲಾಸ್ಟಿಕ್ ಪೈಪು, ಗಾಜುನಾರು, ಕತ್ತಾಳೆಯ ಕಾಂಡ, ಹೀಗೆ ಹಲವು ವಸ್ತುಗಳಿಂದ ಕೊಳವೆಗಳು ತಯಾರಾದುವು. ಯುರೋಪು ಅಮೆರಿಕಗಳಲ್ಲಿ ಶಾಲೆಗಳೂ ಉತ್ಸವಗಳೂ ಹುಟ್ಟಿಕೊಂಡುವು. 2005ರ ಕೊನೆಗೆ ಪ್ರಕಟವಾದ ಸ್ವಿಟ್ಜರ್ಲೆಂಡಿನ ಒಂದು ವೈದ್ಯಕೀಯ ಪ್ರಯೋಗದಲ್ಲಿ, ನಿದ್ರೆಯಲ್ಲಿ ಉಸಿರುಕಟ್ಟುವ ತೊಂದರೆಯಿದ್ದ 25 ಮಂದಿಯ ಪೈಕಿ, ನಾಲ್ಕು ತಿಂಗಳು ಈ ವಾದ್ಯವನ್ನು ಅಭ್ಯಾಸಮಾಡಿದವರಿಗೆ ಹಗಲಿನ ತೂಕಡಿಕೆ ಕಡಿಮೆಯಾದುದು ಕಂಡುಬಂತು. ಗೊರಕೆಯವರಿರುವ ಮನೆಗಳಿಗೆ ಇದು ಸ್ವಾರಸ್ಯದ ಸುದ್ದಿಯಾದರೂ ವೈದ್ಯರನ್ನು ಕೇಳದೆ ಕೊಳವೆ ಕೊಳ್ಳಬಾರದು.

ಹೊಸತೆಲ್ಲ ಪರಕೀಯರದೆಂದು ತಿಳಿಯುವುದೂ ಸರಿಯಲ್ಲ. 1981ರಲ್ಲಿ ಕ್ವೀನ್ಸ್‌ಲೆಂಡಿನ ಮೌಂಟ್ ಐಸಾದಲ್ಲಿ ಹುಟ್ಟಿದ ವಿಲಿಯಂ ಬಾರ್ಟನ್ ಕಲ್ಕಡುಂಗಾ ಜನಾಂಗದವನು. ಹಿರಿಯನಾದ ಬಂಧುವೊಬ್ಬನಿಂದ ವಾದ್ಯವನ್ನು ಕಲಿತು, ಹದಿನೇಳನೆಯ ವಯಸ್ಸಿಗೇ ಪಾಶ್ಚಾತ್ಯ ವಾದ್ಯವೃಂದದ ಜತೆಗೆ ವೇದಿಕೆಯೇರಿದನು. ಪೀಟರ್ ಸ್ಕಲ್‌ಥಾರ್ಪ್ ಎಂಬ ಸಂಗೀತ ರಚನಕಾರನ ‘ರೆಕ್ವಿಯಂ’ ಎಂಬ ಕೃತಿ 2004ರಲ್ಲಿ ಮೊದಲಿಗೆ ನುಡಿದಾಗ ಗಾಯಕವೃಂದ ಮತ್ತು ವಾದ್ಯವೃಂದಗಳ ನಡುವೆ ಬಾರ್ಟನ್ನನ ಕೊಳವೆಯಿತ್ತು.

ಎರವಲಿನ ನೋವು

ಇಷ್ಟಾದರೆ ದೂರುವುದಕ್ಕೇನಿದೆ ಎಂದು ಕೇಳಬಹುದು. ನಮ್ಮ ಹಳೆಯ ವಿದ್ಯಾರ್ಥಿ ತಂದ ಕೊಳವೆಯನ್ನೇ ಒಂದು ಸಂಜೆ ತಿರುಗಿಸಿ ನೋಡಿದೆವು. ಅದು ಯೂಕಲಿಪ್ಟಸ್ ಅಲ್ಲ, ಬಿದಿರು. ಕೆಳತುದಿಯ ಚೀಟಿಯಲ್ಲಿ ಇಂಡೋನೇಷ್ಯದ ಹೆಸರಿತ್ತು. ಮೈಮೇಲಿನ ಚುಕ್ಕಿಚಿತ್ರ ಆಸ್ಟ್ರೇಲಿಯದ ನಡುಮರುಭೂಮಿಯ ಜನರ ಶೈಲಿ. ಅಲ್ಲಿ ಈ ವಾದ್ಯವೇ ಇರಲಿಲ್ಲ. ವಾದ್ಯವಿರುವ ಆರ್ನ್‌ಹೆಮ್ ಲ್ಯಾಂಡಿನಲ್ಲಿ ಬಿಡಿಸುವುದು ಸೂಕ್ಷ್ಮವಾದ ಅಡ್ಡಗೆರೆಗಳ ಚಿತ್ರ. ಒಂದು ಜನಾಂಗದ ವಾದ್ಯ, ಇನ್ನೊಂದು ಜನಾಂಗದ ಚಿತ್ರ, ಮೂರನೆಯ ದೇಶದ ಬಿದಿರು. ಮಾರಾಟದ ಹಣ ಇವರಿಬ್ಬರಲ್ಲಿ ಯಾರಿಗೂ ಸೇರಲಿಲ್ಲ. ಹುಡುಗನಿಗೆ ಇದು ತಿಳಿದಿರಲಿಲ್ಲ. ನಾವೂ ಅವನಿಗೆ ಹೇಳಲಿಲ್ಲ.

ನಿಯಮಗಳ ವಿಷಯದಲ್ಲಿಯೂ ನೋವಾಗಿದೆ. ಸಂಪ್ರದಾಯದ ಆಚರಣೆಗಳಲ್ಲಿ ಇದನ್ನು ಗಂಡಸರು ಊದುತ್ತಾರೆ. 2008ರಲ್ಲಿ ಹುಡುಗಿಯರಿಗಾಗಿ ಹೊರಟ ಒಂದು ಪುಸ್ತಕದ ಆಸ್ಟ್ರೇಲಿಯ ಆವೃತ್ತಿಯಲ್ಲಿ ಡಿಜೆರಿಡೂ ಪಾಠ ಸೇರಿದ್ದುದಕ್ಕೆ ಮೂಲನಿವಾಸಿ ಶಿಕ್ಷಣತಜ್ಞರಿಂದ ಆಕ್ಷೇಪ ಬಂದು, ಪ್ರಕಾಶಕರು ಕ್ಷಮೆ ಕೇಳಿದರು. ಆಚರಣೆಯ ಹೊರಗೆ ಸ್ತ್ರೀಯರು ಊದಿದ ನಿದರ್ಶನಗಳುಂಟೆಂದು ಸಂಗೀತಶಾಸ್ತ್ರಜ್ಞರು ಹೇಳುತ್ತಾರೆ. ತೀರ್ಪು ನಮ್ಮದಲ್ಲ. ಕೇಳಿ ಪಡೆಯುವುದಕ್ಕೂ ಕೇಳದೆ ಒಯ್ಯುವುದಕ್ಕೂ ಇರುವ ಅಂತರವಷ್ಟೇ ಇಲ್ಲಿ ಮುಖ್ಯ.

ಒಬ್ಬ ಮುಖ್ಯೋಪಾಧ್ಯಾಯನ ಕಥೆ

ಈ ಅಂತರವನ್ನು ನಮಗೆ ಸ್ಪಷ್ಟಪಡಿಸಿದವನು ನಮ್ಮದೇ ವೃತ್ತಿಯವನು. ಯಿರ್ಕಲ ಎಂಬ ಯೋಲ್ಙು ಊರಿನ ಮಂಡಾವುಯ್ ಯುನುಪಿಂಗು 1988ರಲ್ಲಿ ಪದವಿ ಪಡೆದನು. ಆರ್ನ್‌ಹೆಮ್ ಲ್ಯಾಂಡಿನ ಮೂಲನಿವಾಸಿಗಳಲ್ಲಿ ಅವನೇ ಮೊದಲ ಪದವೀಧರ. 1990ರಲ್ಲಿ ತನ್ನೂರಿನ ಶಾಲೆಗೆ ಮುಖ್ಯೋಪಾಧ್ಯಾಯನಾದನು. ಜತೆಗೆ ‘ಯೋತು ಯಿಂಡಿ’ ಎಂಬ ಸಂಗೀತತಂಡದ ಗಾಯಕನೂ ಅವನೇ. ಗಿಟಾರು, ವಿದ್ಯುತ್ ವಾದ್ಯಗಳು, ಬಿಲ್ಮ, ಯಿಡಕಿ ಎಲ್ಲವೂ ಆ ತಂಡದಲ್ಲಿ ಒಂದೇ ವೇದಿಕೆಯ ಮೇಲಿದ್ದುವು.

1988ರಲ್ಲಿ ಆಸ್ಟ್ರೇಲಿಯದ ಪ್ರಧಾನಮಂತ್ರಿ ಬಾಬ್ ಹಾಕ್, ಮೂಲನಿವಾಸಿಗಳೊಡನೆ ಒಪ್ಪಂದ ಮಾಡಿಕೊಳ್ಳುವುದಾಗಿ ಮಾತುಕೊಟ್ಟನು. ಮಾತು ನಡೆಯಲಿಲ್ಲ. ಅದನ್ನು ನೆನಪಿಸಿ ತಂಡವು 1991ರಲ್ಲಿ ‘ಟ್ರೀಟಿ’ ಎಂಬ ಹಾಡನ್ನು ಹಾಡಿತು. ಅರ್ಧ ಇಂಗ್ಲಿಷಿನಲ್ಲಿ, ಅರ್ಧ ತಮ್ಮ ಗುಮಾಚ್ ನುಡಿಯಲ್ಲಿ. ನೃತ್ಯಶಾಲೆಗಳಲ್ಲಿ ಕುಣಿದವರಿಗೆ ಆ ನುಡಿ ತಿಳಿಯದಿದ್ದರೂ ಹಾಡು ಲೋಕವನ್ನೆಲ್ಲ ಸುತ್ತಿತು. ಅದರ ಒಳಗಿದ್ದ ಯೋಲ್ಙು ಭಾಗ ಪುರಾತನ ಕುಲಗೀತೆಯಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಯಿರ್ಕಲದ ಯುವಕರು ವಿನೋದಕ್ಕಾಗಿ ಕಟ್ಟಿ ಕುಣಿಯುತ್ತಿದ್ದ ಜತ್ಪಂಗಾರಿ ಎಂಬ ಧಾಟಿ. ಎಲ್ಲರಿಗೂ ಮುಕ್ತವಾದುದನ್ನು ಲೋಕಕ್ಕೆ ಕೊಟ್ಟರು.

ತನ್ನ ಶಾಲೆಗೆ ಅವನೂ ಅವನ ಜತೆಯ ಹಿರಿಯರೂ ಇಟ್ಟುಕೊಂಡ ಆದರ್ಶಕ್ಕೆ ಗನ್ಮ ಎಂದು ಹೆಸರು. ಸಮುದ್ರದ ಉಪ್ಪುನೀರೂ ಹೊಳೆಯ ಸಿಹಿನೀರೂ ಕೂಡಿ ನೊರೆಯೇಳುವ ಜಾಗ. ನಮ್ಮ ಕರಾವಳಿಯ ಮಾತಿನಲ್ಲಿ ಅಳಿವೆ. ಎರಡು ಅರಿವುಗಳು ಹಾಗೆ ಕೂಡಬೇಕು, ಒಂದು ಮತ್ತೊಂದನ್ನು ನುಂಗಬಾರದು ಎಂಬುದು ಅದರ ತಾತ್ಪರ್ಯ. ಉತ್ತರ ಪ್ರಾಂತದ ಕೆಲವು ಶಾಲೆಗಳಲ್ಲಿ 1973ರಿಂದ ಮಕ್ಕಳ ಮನೆಮಾತಿನಲ್ಲಿಯೂ ಪಾಠ ನಡೆಯುತ್ತಿತ್ತು. 2008ರಲ್ಲಿ ಅಲ್ಲಿನ ಸರ್ಕಾರವು ದಿನದ ಮೊದಲ ನಾಲ್ಕು ಗಂಟೆಗಳ ಪಾಠ ಇಂಗ್ಲಿಷಿನಲ್ಲೇ ಆಗಬೇಕೆಂದು ಕಟ್ಟಳೆ ಮಾಡಿತು. ವಿರೋಧ ಬಂತು, ಮುಂದೆ ಕಟ್ಟಳೆ ಸಡಿಲಿತು. ಯುನುಪಿಂಗು 2013ರಲ್ಲಿ ತೀರಿಕೊಂಡನು. ರಾಜ್ಯಭಾಷೆಯೊಂದು, ಮನೆಮಾತೊಂದಾಗಿ ಶಾಲೆ ನಡೆಸುವ ನಾವು ಈ ಕಥೆಯನ್ನು ಓದಿದ ರಾತ್ರಿ ಬಹಳ ಹೊತ್ತು ನಿದ್ದೆ ಮಾಡಲಿಲ್ಲ.

ರಜೆ ಮುಗಿದ ಎಷ್ಟೋ ದಿನಗಳ ಮೇಲೆ ಆ ಹುಡುಗಿಗೆ ಉತ್ತರ ಕೊಟ್ಟೆವು. ಬೀದಿಯ ವಾದಕನ ಕಲೆ ಸುಳ್ಳಲ್ಲ. ಅವನ ಉಸಿರೂ ಶ್ರಮವೂ ಅವನದೇ. ಕೊಳವೆಯನ್ನು ಯಾರು ಬೇಕಾದರೂ ಕೊಳ್ಳಬಹುದು, ಉಸಿರಿನ ಉಪಾಯವನ್ನು ಆರು ತಿಂಗಳಲ್ಲಿ ಕಲಿಯಬಹುದು. ಆದರೆ ಮರಳಿನ ಮೇಲೆ ಕುಳಿತ ಆ ತರುಣನ ನಾಲಗೆಯನ್ನು ಕಲಿಯಬೇಕಾದರೆ ಅವನ ನುಡಿಯನ್ನು ಆಡುವ ಮನೆಯೊಂದು ಇರಬೇಕು, ಹಾಡುವ ಹಿರಿಯನೊಬ್ಬ ಇರಬೇಕು. ನುಡಿ ಹೋದ ಮೇಲೂ ಕೊಳವೆ ನುಡಿಯುತ್ತಲೇ ಇರಬಹುದು. ಅದು ಏನು ಹೇಳುತ್ತಿದೆಯೆಂದು ಬಲ್ಲವರು ಇರುವುದಿಲ್ಲ. ಹೊಸ ಶೈಲಿ ಬೆಳೆಯಲಿ. ಹಳೆಯದು ಉಳಿದರೆ ಮಾತ್ರ ಅದಕ್ಕೂ ಬೇರು.

ಹುಡುಗಿ ಸ್ವಲ್ಪ ಯೋಚಿಸಿ, “ಹಾಗಾದರೆ ನಮ್ಮ ಕೊಳವೆಯನ್ನು ಏನು ಮಾಡುವುದು ಮಾಷ್ಟ್ರೇ?” ಎಂದಳು. ಅದು ಈಗ ಕಚೇರಿಯ ಮೂಲೆಯಲ್ಲಿದೆ. ಪಕ್ಕದ ಗೋಡೆಯಲ್ಲಿ ಮಕ್ಕಳು ‘ಯೋಲ್ಙು’ ಎಂದು ದೊಡ್ಡದಾಗಿ ಬರೆದು ಅಂಟಿಸಿದ್ದಾರೆ. ಈ ವರ್ಷ ‘ಙ’ಕಾರದಿಂದ ಏನು ಪ್ರಯೋಜನವೆಂದು ನಮ್ಮನ್ನು ಯಾರೂ ಕೇಳಿಲ್ಲ.